ಕೊಲಂಬಿಯಾ ಅಂಕಲ್ ಕುಡಿದ ನೀರು

ನಮ್ಮ ಕನ್ನಡ ಸಂಘದಲ್ಲಿ ಅವರಿಗೆ ಕೊಲಂಬಿಯಾ ಅಂಕಲ್ ಎಂದೇ ಹೆಸರು. ಮೈಸೂರಿನ ಚಾಮುಂಡಿಪುರದಲ್ಲಿ ಹುಟ್ಟಿ ಬೆಳೆದು, ಅಲ್ಲಿಯ ಕನ್ನಡವನ್ನು ಒಂದಿಷ್ಟೂ ಮುಕ್ಕಾಗದಂತೆ ಸಿಡ್ನಿಯವರೆಗೆ ತಂದಿದ್ದ ಮನುಷ್ಯನಿಗೆ ಇಂಥ ಹೆಸರು ಬಂದದ್ದು ಅವರ ಬಾಯಿಂದಲೇ. ನೀವು ಯಾವ ವಿಷಯವನ್ನಾದರೂ ಎತ್ತಿ, ಪೆಟ್ರೋಲ್ ರೇಟು, ಮಕ್ಕಳ ಸ್ಕೂಲು, ಸಂಘದ ಚುನಾವಣೆ, ಮೂರನೆಯ ವಾಕ್ಯಕ್ಕೆ ಅವರು ಕೊಲಂಬಿಯಾ ತಲುಪಿರುತ್ತಿದ್ದರು. ಕೆಲವರು ಅವರನ್ನು ಕಂಡರೆ ತಪ್ಪಿಸಿಕೊಂಡು ತಿರುಗುತ್ತಿದ್ದರು. ನಾನು ಮಾತ್ರ ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅದರಲ್ಲಿ ಪ್ರೀತಿ ಎಷ್ಟಿತ್ತು, ಸಂಘದ ಪತ್ರಿಕೆಗೆ ಸರಕು ಸಿಗುತ್ತದೆ ಎಂಬ ಆಸೆ ಎಷ್ಟಿತ್ತು ಎಂದು ಈಗ ಕೇಳಿಕೊಂಡರೆ ತಲೆ ತಗ್ಗಿಸಬೇಕಾಗುತ್ತದೆ.

ಮೊದಲ ಸಲ ಕಂಡದ್ದು ಸಿಡ್ನಿಯ ಲಿವರ್‌ಪೂಲಿನಲ್ಲಿ, ಒಬ್ಬರ ಮನೆಗೆ ಗಣೇಶನ ಹಬ್ಬದ ಊಟಕ್ಕೆ ಹೋದಾಗ. ನಾವಾಗ ಅಲ್ಲೇ ರೆಂಟಿಗಿದ್ದೆವು. ತಟ್ಟೆ ಹಿಡಿದು ನಿಂತಿದ್ದ ಒಬ್ಬರು, ಹೊಸ ಮುಖ ಕಂಡೊಡನೆ ನಾವೆಲ್ಲ ಕೇಳುವ ಪ್ರಶ್ನೆಗಳನ್ನು ಅಂಕಲ್‌ಗೂ ಕೇಳುತ್ತಿದ್ದರು. “ಯಾವ ಸಬರ್ಬು ಸಾರ್? ಓನ್ ಹೌಸಾ, ರೆಂಟಾ? ಐಟಿನೇ ತಾನೆ?”

ಅಂಕಲ್ ಕಡುಬು ಮುರಿಯುತ್ತಾ ನಿಧಾನವಾಗಿ ಅಂದರು. “ನಾನು ಹದಿನಾಲ್ಕು ವರ್ಷ ಇದ್ದ ದೇಶದಲ್ಲಿ ಇಷ್ಟೊಂದು ಕೇಳೋ ಕಷ್ಟ ಇರಲಿಲ್ಲ ಸ್ವಾಮಿ. ಕರೆಂಟ್ ಬಿಲ್ ತೋರಿಸಿಬಿಟ್ರೆ ಮುಗೀತು.”

ಕೊಲಂಬಿಯಾದಲ್ಲಿ ಪ್ರತಿ ಮನೆಗೂ ಒಂದರಿಂದ ಆರರವರೆಗೆ ಒಂದು ನಂಬರ್ ಇರುತ್ತದಂತೆ. ಆರು ಎಂದರೆ ಸಾಹುಕಾರರ ಬೀದಿ, ಒಂದು ಎಂದರೆ ಗುಡ್ಡದ ಮೇಲಿನ ತಗಡಿನ ಮನೆ. ಸಣ್ಣ ನಂಬರಿನವರಿಗೆ ಕರೆಂಟು, ನೀರು ಅಗ್ಗವಾಗಲಿ ಎಂದು ಸರ್ಕಾರ ಮಾಡಿದ ಏರ್ಪಾಡು. ಜನ ಅದನ್ನು ಹೆಣ್ಣು ಗಂಡು ನೋಡುವುದಕ್ಕೂ ಬಳಸಿಕೊಂಡರು. “ನಮ್ಮಲ್ಲಿ ಜಾತಿ ಹೆಸರಲ್ಲಿರತ್ತೆ, ಅಲ್ಲಿ ಕರೆಂಟ್ ಬಿಲ್ಲಲ್ಲಿರತ್ತೆ, ಇಲ್ಲಿ ಸಬರ್ಬಲ್ಲಿ. ನಾನು ಎರಡನೇ ನಂಬರು ಸ್ವಾಮಿ, ಬಸ್ ಡಿಪೋಲಿ ಮೆಕ್ಯಾನಿಕ್ಕು” ಎಂದರು. ಪ್ರಶ್ನೆ ಕೇಳಿದವರು ಇನ್ನೊಂದು ಕಡುಬಿನ ನೆಪ ಮಾಡಿ ಆಚೆ ಹೋದರು. ನಾನು ನಕ್ಕದ್ದನ್ನು ನೋಡಿ ಅಂಕಲ್ ನನ್ನ ಕಡೆ ತಿರುಗಿದರು.

“ನಿಂದ್ಯಾವ ನಂಬರಮ್ಮ?”

ಮೂರು ಅಂದೆ ಎಂದು ನೆನಪು.

ಅವರು ಅಲ್ಲಿಗೆ ಹೋದದ್ದು ನಮ್ಮ ದೇಶದ ಒಂದು ಬೈಕ್ ಕಂಪನಿಯ ಕಡೆಯಿಂದ, ಅಲ್ಲಿಯ ಮೆಕ್ಯಾನಿಕ್‌ಗಳಿಗೆ ನಮ್ಮ ಬೈಕು ಬಿಚ್ಚಿ ಜೋಡಿಸುವುದನ್ನು ಕಲಿಸಲು. ಒಂದು ವರ್ಷಕ್ಕೆಂದು ಹೋದವರು ಹದಿನಾಲ್ಕು ವರ್ಷ ಉಳಿದರು. ಊರಿನ ಹೆಸರು ಪೆರೇರಾ. “ಮಂಗಳೂರು ಕಡೆಯೋರಿಗೆ ಹೇಳಿದ್ರೆ ಯಾವ ಪೆರೇರಾ, ಯಾವ ಚರ್ಚಿನೋರು ಅಂತ ಕೇಳ್ತಾರೆ, ಏನ್ಮಾಡೋದು?” ಎಂದು ತಾವೇ ನಗುತ್ತಿದ್ದರು.

ತರಕಾರಿ ಅಂಗಡಿಯ ಕಥೆಯನ್ನಂತೂ ನಾಲ್ಕು ಸಲ ಕೇಳಿದ್ದೇನೆ. ಹೋದ ಮೊದಲ ವಾರ ಅಂಗಡಿಯ ಹೆಂಗಸು ಟೊಮೆಟೊ ತೂಗಿ ಕೊಡುತ್ತಾ “ತಗೊಳ್ಳಿ ನನ್ನ ಪ್ರೀತಿಯೇ, ಇನ್ನೇನು ಬೇಕು?” ಅಂದಳಂತೆ. “ಮೂವತ್ತೆರಡು ವರ್ಷ ಮೈಸೂರಲ್ಲಿ ಒಬ್ಬಳೂ ಅನ್ನದ ಮಾತು ಕಣಮ್ಮ. ರೂಮಿಗೆ ಬಂದು ಕನ್ನಡಿ ನೋಡ್ಕೊಂಡೆ. ಮಾರನೇ ದಿನ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಹೋದೆ. ನನ್ನ ಮುಂದೆ ಎಂಬತ್ತು ವರ್ಷದ ಬೊಚ್ಚುಬಾಯಿ ಮುದುಕ ನಿಂತಿದ್ದ. ಅವನಿಗೂ ಅದೇ ಅಂದ್ಲು.” ಅದೇ ಊರಿನಲ್ಲಿ ಗಂಡ ಹೆಂಡತಿಗೆ ಬಹುವಚನ, ತಾಯಿ ಮಗುವಿಗೆ ಬಹುವಚನ, ಸಾಕಿದ ನಾಯಿಗೂ ಬಹುವಚನ. “ನಾಯಿಗೆ ‘ತಾವು ಸ್ವಲ್ಪ ಆಚೆ ನಡೀರಿ’ ಅಂತಾರೆ. ಅದೂ ಮರ್ಯಾದೆಯಿಂದ ಹೋಗತ್ತೆ” ಎನ್ನುತ್ತಿದ್ದರು. ಮಾಂಸ ತಿನ್ನುವುದಿಲ್ಲ ಎಂದಾಗ ಕೋಳಿ ತಂದಿಟ್ಟರಂತೆ. ಕೋಳಿಯೂ ಬೇಡ ಎಂದಾಗ ಪಾಪ, ಡಾಕ್ಟರು ಏನಂದರು ಎಂದು ಕೇಳಿದರಂತೆ.

ಅವರ ಪ್ರಕಾರ ಆ ದೇಶದ ದೊಡ್ಡ ಗುಣವೂ ದೊಡ್ಡ ದೋಷವೂ ಒಂದೇ. ಅಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. “ದಾರಿ ಕೇಳಿದ್ರೆ ಗೊತ್ತಿಲ್ಲ ಅನ್ನಲ್ಲಮ್ಮ. ಕೇಳಿದೋನನ್ನ ಬರಿಗೈಲಿ ಕಳಿಸೋದು ಅವರಿಗೆ ಅವಮಾನ. ಒಬ್ಬ ಎಡಕ್ಕೆ ಅಂತಾನೆ, ಮುಂದಿನೋನು ಬಲಕ್ಕೆ ಅಂತಾನೆ. ಇಬ್ಬರೂ ಒಳ್ಳೆಯೋರೇ. ಬರ್ತೀನಿ ಅಂದ್ರೆ ನೋಡೋಣ ಅಂತ ಅರ್ಥ. ಖಂಡಿತ ಬರ್ತೀನಿ ಅಂದ್ರೆ ಬರಲ್ಲ ಅಂತ ಅರ್ಥ. ದೇವರಾಣೆ ಬರ್ತೀನಿ ಅಂದೋನನ್ನ ಮುಂದಿನ ವರ್ಷ ನೋಡಬಹುದು. ಸಾವಿಗೆ ಮಾತ್ರ ಕರೀದೇ ಬರ್ತಾರೆ. ಒಂದಲ್ಲ ಎರಡಲ್ಲ, ಒಂಬತ್ತು ದಿನ ಬರ್ತಾರೆ.”

ನಾನು ಗಮನಿಸಿದ್ದೇನೆಂದರೆ, ಅವರು ಯಾರನ್ನೂ ಆಡಿಕೊಳ್ಳದೆ ಬಿಡುತ್ತಿರಲಿಲ್ಲ, ಮಾವನನ್ನು ಬಿಟ್ಟು. ಅಂಕಲ್‌ನ ಹೆಂಡತಿ ನಮಗೆ ಆಂಟಿ, ಆಕೆಯ ಅಪ್ಪ ಬೆಟ್ಟದಿಂದ ಕಾಫಿ ಮೂಟೆ ಇಳಿಸುವ ಹಳೆಯ ಜೀಪಿನ ಡ್ರೈವರ್. ಅಂಕಲ್ ಒಂದು ದಿನ ಆ ಜೀಪು ರಿಪೇರಿ ಮಾಡಿಕೊಟ್ಟರು. ಆತ ಮನೆಗೆ ಕರೆದು, ಕೂರಿಸಿ, ಒಂದು ದೊಡ್ಡ ಲೋಟದ ತುಂಬ ಬಿಸಿ ಬೆಲ್ಲದ ನೀರು ಕೊಟ್ಟರು. ಕಾಫಿ ಬೆಳೆಯುವ ಊರಲ್ಲಿ ಬಡವರು ಕುಡಿಯುವುದು ಬೆಲ್ಲದ ನೀರು, ಒಳ್ಳೆಯ ಕಾಫಿಯೆಲ್ಲ ಹಡಗು ಹತ್ತುತ್ತದೆ. “ನಮ್ಮಜ್ಜಿ ಬಿಸಿಲಲ್ಲಿ ಬಂದೋರಿಗೆ ಬೆಲ್ಲ ನೀರು ಕೊಡ್ತಿದ್ಲಲ್ಲ, ಅದೇ ರುಚಿ. ಕಣ್ಣಲ್ಲಿ ನೀರು ಬಂದುಬಿಡ್ತು. ಆ ಮನುಷ್ಯ ಬಿಸಿ ಜಾಸ್ತಿ ಆಯ್ತೇನೋ ಅಂತ ಊದಿ ಕೊಟ್ಟ” ಎಂದು ಹೇಳಿದ್ದು ಒಂದೇ ಸಲ. ಆ ಮನೆಯ ಹುಡುಗಿಯನ್ನೇ ಮದುವೆಯಾದರು.

ಇಂಥ ಮಾತು ನಡೆಯುವಾಗಲೆಲ್ಲ ಆಂಟಿ ಪಕ್ಕದಲ್ಲೇ ಕೂತಿರುತ್ತಿದ್ದರು. ಗುಂಡಗಿನ, ಗಟ್ಟಿಯಾಗಿ ನಗುವ ಹೆಂಗಸು, ವೃದ್ಧರನ್ನು ನೋಡಿಕೊಳ್ಳುವ ಕೆಲಸ. ಅವರಿಗೆ ಬರುತ್ತಿದ್ದ ಕನ್ನಡ ನಾಲ್ಕೇ ಮಾತು: ಊಟ ಆಯ್ತಾ, ಸಾಕು, ಬನ್ನಿ, ಚೆನ್ನಾಗಿದೆ. ಕೊಲಂಬಿಯಾದ ಮರ್ಯಾದೆ ಬಿಡಬಾರದೆಂದು ಅಂಕಲ್ ಹೆಂಡತಿಗೆ ಕನ್ನಡದಲ್ಲಿಯೂ ಬನ್ನಿ, ಕೂತ್ಕೊಳಿ ಎಂದೇ ಅನ್ನುತ್ತಿದ್ದರು. ನಾವು ಬಿದ್ದು ಬಿದ್ದು ನಗುವಾಗ ಆಂಟಿ ಗಂಡನ ತೋಳು ಅಲ್ಲಾಡಿಸಿ ಏನೆಂದು ಕೇಳುವರು. ಅಂಕಲ್ ಅವರ ಭಾಷೆಯಲ್ಲಿ ಏನೋ ಹೇಳುವರು. ಆಂಟಿಯೂ ನಗುವರು.

“ನಮಗೆ ಹೇಳಿದ್ದೇ ಅವರಿಗೂ ಹೇಳ್ತೀರಾ ಅಂಕಲ್?” ಎಂದು ಒಮ್ಮೆ ಕೇಳಿದೆ.

“ಅರ್ಧ. ಪೂರ್ತಿ ಹೇಳೋ ಗಂಡ ಎಲ್ಲಿದಾನಮ್ಮ?”

ಪರದೇಶದಲ್ಲಿರುವ ನಮಗೆಲ್ಲ ಒಂದು ರೋಗವಿದೆ. ಕನ್ನಡವೆಂದರೆ ಒಳಗಿನಿಂದ ಚಿಲಕ ಹಾಕಿದ ಕೋಣೆ ಎಂದು ತಿಳಿದಿರುತ್ತೇವೆ. ಲಿಫ್ಟಿನಲ್ಲಿ ಪಕ್ಕದಲ್ಲೇ ನಿಂತವರ ಮೈ ಗಾತ್ರ, ಟ್ರೈನಿನಲ್ಲಿ ಎದುರು ಕೂತವಳ ಬಟ್ಟೆ, ಆಫೀಸಿನ ಮ್ಯಾನೇಜರನ ಬುದ್ಧಿ, ಎಲ್ಲವನ್ನೂ ಅವರ ಮುಖ ನೋಡಿಕೊಂಡೇ ಮಾತಾಡುತ್ತೇವೆ. ಸಂಘದ ಪತ್ರಿಕೆಯೂ ಅಂಥದೇ ಕೋಣೆ. ಮೂರು ತಿಂಗಳಿಗೊಮ್ಮೆ ಬರುವ ಆ ನಲವತ್ತೆಂಟು ಪುಟಕ್ಕೆ ನಾನು ಸಂಪಾದಕಿ. ಬರೆಯುವವರು ಐದು ಜನ, ಅವರಲ್ಲಿ ಮೂವರು ಬೆಂಗಳೂರಿನ ಮಳೆಯ ಬಗ್ಗೆಯೇ ಬರೆಯುತ್ತಾರೆ. ಹಾಗಾಗಿ ಅಂಕಲ್‌ಗೆ ದುಂಬಾಲು ಬಿದ್ದೆ. ಡಿಪೋದಲ್ಲಿ ರಿಪೇರಿ ವಿವರ ಬರೆದಿಡುವ ಹಳೆಯ ಜಾಬ್ ಕಾರ್ಡುಗಳ ಹಿಂಬದಿಯಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದು ಕೊಡಲು ಶುರು ಮಾಡಿದರು. ಕರೆಂಟ್ ಬಿಲ್ಲು, ಟೊಮೆಟೊ, ನಾಯಿಯ ಬಹುವಚನ, ಎಲ್ಲ ಅಚ್ಚಾದವು. ಜನ ಪತ್ರಿಕೆ ತೆರೆದು ಮೊದಲು ಅದನ್ನೇ ಓದುವಂತಾಯಿತು. ನಾನು ಟೈಪ್ ಮಾಡುತ್ತಾ ಒಬ್ಬಳೇ ನಗುತ್ತಿದ್ದೆ. ಮಗಳು ಬಂದು “ವಾಟ್ಸ್ ಸೋ ಫನ್ನಿ?” ಎಂದು ಕೇಳಿ, ವಿವರಿಸಲು ಹೊರಟರೆ ಎದ್ದು ಹೋಗುತ್ತಿದ್ದಳು.

ನಿವೃತ್ತಿಯ ನಂತರ ಅವರು ಮೆಲ್ಬರ್ನಿಗೆ ಹೋದರು. ಕ್ರಾನ್‌ಬರ್ನಿನಲ್ಲಿ ಆಂಟಿಯ ಚಿಕ್ಕಪ್ಪನ ಮಗಳು ಇದ್ದಳು, ಮನೆಯ ಬೆಲೆಯೂ ಕೈಗೆಟುಕುವಂತಿತ್ತು. ಬರಹ ಮಾತ್ರ ಅಂಚೆಯಲ್ಲಿ ಬರುತ್ತಲೇ ಇತ್ತು. ಆದರೆ ಸರಕು ತೀರುತ್ತಾ ಬಂದಿತ್ತು. ಕಳೆದ ಯುಗಾದಿಯ ಸಂಚಿಕೆಗೆ ಫೋನ್ ಮಾಡಿದಾಗ “ಇನ್ನೇನೂ ಇಲ್ಲಮ್ಮ, ಮನೆಯೊಳಗಿನ ವಿಷಯ ಒಂದಿದೆ, ಅದು ಬೇಡ ಬಿಡು” ಅಂದರು. ನಾನು ಬಿಡಲಿಲ್ಲ. “ಮನೆಯೊಳಗಿನದೇ ಮಜಾ ಇರೋದು ಅಂಕಲ್, ಕನ್ನಡದೋರು ಬಿಟ್ರೆ ಇನ್ಯಾರು ಓದ್ತಾರೆ?” ಎಂದೆ. ಆ ಮಾತು ಹೇಳಿದವಳು ನಾನೇ.

ಹತ್ತು ದಿನದಲ್ಲಿ ಕಾರ್ಡುಗಳು ಬಂದವು. ವಿಷಯ ಮಾವನ ಸಾವು. ಅಲ್ಲಿ ಯಾರಾದರೂ ಸತ್ತರೆ ಒಂಬತ್ತು ಸಂಜೆ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆ. ಫೋಟೋದ ಮುಂದೆ ಮೇಣದಬತ್ತಿ, ಹೂವು, ಜೊತೆಗೆ ಒಂದು ಲೋಟದ ತುಂಬ ನೀರು. ಹೊರಟ ಜೀವಕ್ಕೆ ಬಾಯಾರುತ್ತದೆ, ಬಂದು ಕುಡಿಯುತ್ತದೆ ಎಂದು ನಂಬಿಕೆ. ನಮ್ಮಲ್ಲಿ ಕಾಗೆ ಪಿಂಡ ಮುಟ್ಟುವುದಿಲ್ಲವೇ, ಹಾಗೆ. ಮದುವೆಯಾಗಿ ಐದು ತಿಂಗಳಾಗಿದ್ದ ಅಳಿಯನಿಗೆ ಇದು ಗೊತ್ತಿರಲಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಆರರ ಬಸ್ಸಿಗೆ ಹೊರಟವರು, ಹಾಲಿನಲ್ಲಿ ಕಂಡ ಲೋಟವೆತ್ತಿ ಅರ್ಧ ನೀರು ಕುಡಿದು ಹೋದರು. ಸಂಜೆ ಬಂದರೆ ಮನೆಯ ತುಂಬ ಜನ. ಅತ್ತೆ ಲೋಟವನ್ನು ಎದೆಗೊತ್ತಿಕೊಂಡು ಅಳುತ್ತಿದ್ದಾರೆ, ಹೆಂಡತಿ ಓಡಿ ಬಂದು “ಅಪ್ಪ ಬಂದಿದ್ದರು, ಕುಡಿದು ಹೋದರು” ಎಂದು ಇವರ ಕುತ್ತಿಗೆಗೆ ಬಿದ್ದಳು. ಒಂಬತ್ತು ದಿನವೂ ಲೋಟದ ನೀರು ಇಳಿಯಿತು. ಬೀದಿಯಲ್ಲಿ ಆ ಮನೆಗೆ ಗೌರವ ಬಂತು. ಪಾದ್ರಿಯೇ ಬಂದು ನೋಡಿ ಹೋದರು. ಕೊನೆಯಲ್ಲಿ ಅಂಕಲ್ ಬರೆದಿದ್ದರು: “ಅಳಿಯ ನೀರು ಕುಡಿದ, ಮಾವನಿಗೆ ಮೋಕ್ಷವಾಯಿತು.”

ನಾನು ಕುರ್ಚಿಯಲ್ಲೇ ಚಪ್ಪಾಳೆ ತಟ್ಟಿದೆ. ಬರಹಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಬೇಕೇ? ಆದರೆ ಅಂಕಲ್ ಅಲ್ಲಿ ನಿಲ್ಲಿಸಿರಲಿಲ್ಲ. ಮುಂದಿನ ಕಾರ್ಡಿನಲ್ಲಿ ಇನ್ನೊಂದು ಪ್ಯಾರಾ ಇತ್ತು, ಎಂಟು ಹತ್ತು ಸಾಲು. ಅದೇ ದಿನ ಹೋಮ್ ಲೋನ್ ಬ್ರೋಕರ್ ಒಬ್ಬರು ಅರ್ಧ ಪುಟದ ಜಾಹೀರಾತು ಕಳಿಸಿದ್ದರು. ಪುಟ ಹೆಚ್ಚಿಸುವಂತಿರಲಿಲ್ಲ. ಕೊನೆಯ ಪ್ಯಾರಾವನ್ನು ಟೈಪ್ ಮಾಡದೆ ಬಿಟ್ಟೆ. ಜಾಗ ಇರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳುತ್ತೇನೆ, ಅದು ಬಂದರೆ ನಗು ಕೆಡುತ್ತದೆ ಅನ್ನಿಸಿತ್ತು. ಅಷ್ಟು ಚೆನ್ನಾಗಿ ನಗಿಸಿ ಆಮೇಲೆ ಯಾಕೆ ಅಳಿಸಬೇಕು ಎಂದು ನನಗೆ ನಾನೇ ಸಂಪಾದಕಿಯ ಬುದ್ಧಿ ಹೇಳಿಕೊಂಡೆ. ಅಂಕಲ್‌ಗೆ ಒಂದು ಮಾತು ಕೇಳಲೂ ಇಲ್ಲ.

ಯುಗಾದಿಯ ಕಾರ್ಯಕ್ರಮಕ್ಕೆ ಅವರಿಬ್ಬರೂ ಮೆಲ್ಬರ್ನಿನಿಂದ ಬಂದಿದ್ದರು. ಬಾಡಿಗೆಗೆ ಹಿಡಿದ ಸ್ಕೂಲ್ ಹಾಲು, ಮೊದಲನೆಯ ಸಾಲಿನಲ್ಲಿ ಅಂಕಲ್, ಪಕ್ಕದಲ್ಲಿ ಮೈಸೂರು ಸಿಲ್ಕ್ ಉಟ್ಟ ಆಂಟಿ. ನಾನು ವೇದಿಕೆಯ ಮೇಲೆ ನಿಂತು ಆ ಬರಹವನ್ನು ಅಭಿನಯಿಸುತ್ತಾ ಓದಿದೆ. ಅತ್ತೆ ಲೋಟ ಎದೆಗೊತ್ತಿಕೊಂಡದ್ದನ್ನು ಮೈಕಿನ ಮುಂದೆ ಮಾಡಿ ತೋರಿಸಿದೆ. ಹಾಲು ಬಿದ್ದುಹೋಗುವಷ್ಟು ನಗು. ಆಂಟಿಯೂ ನಗುತ್ತಿದ್ದರು. ಗಂಡ ಬರೆದದ್ದಕ್ಕೆ ಇಷ್ಟು ಜನ ನಗುತ್ತಿದ್ದಾರಲ್ಲ ಎಂಬ ಹೆಮ್ಮೆಯಿಂದ ಹಿಂದೆ ತಿರುಗಿ ತಿರುಗಿ ಜನರನ್ನು ನೋಡುತ್ತಾ ಚಪ್ಪಾಳೆ ತಟ್ಟುತ್ತಿದ್ದರು. ಅಂಕಲ್ ತಮ್ಮ ಕೈ ನೋಡಿಕೊಳ್ಳುತ್ತಾ ಕೂತಿದ್ದರು. ಊಟದ ಸಾಲಿನಲ್ಲಿ ಸಿಕ್ಕಾಗ ಇಷ್ಟೇ ಅಂದರು. “ಕೊನೇದು ಬರಲಿಲ್ಲ ಅಲ್ವೇನಮ್ಮ?”

“ಜಾಗ ಸಾಲಲಿಲ್ಲ ಅಂಕಲ್, ಸಾರಿ.”

“ಪರವಾಗಿಲ್ಲ ಬಿಡು.”

ಮುಂದಿನ ತಿಂಗಳು ನಾವು ಸಿಡ್ನಿ ಅಂಚಿನ ಸ್ಕೋಫೀಲ್ಡ್ಸ್‌ನ ಹೊಸ ಮನೆಗೆ ಬಂದೆವು. ಮಾರ್ಟ್‌ಗೇಜು, ಮಣ್ಣಿನ ಅಂಗಳ, ಎಲ್ಲಿಗೆ ಹೋದರೂ ಒಂದು ಗಂಟೆ ಡ್ರೈವು. ಮನೆ ಖಾಲಿ ಮಾಡುವಾಗ ಪತ್ರಿಕೆಯ ಹಳೆಯ ಕಾಗದವನ್ನೆಲ್ಲ ಹಳದಿ ಮುಚ್ಚಳದ ರದ್ದಿ ಬಿನ್ನಿಗೆ ಹಾಕಿದೆ. ಅದರಲ್ಲಿ ಅಂಕಲ್‌ನ ಜಾಬ್ ಕಾರ್ಡುಗಳೂ ಇದ್ದವು. ಅಚ್ಚಾಗಿದೆಯಲ್ಲ, ಇನ್ನೇಕೆ ಎಂದುಕೊಂಡೆ.

ಹೊಸ ಮನೆಗೆ ಬಂದು ಎರಡು ವಾರವಾಗಿತ್ತು, ಅವರ ಫೋನ್ ಬಂತು.

“ಒಂದು ಉಪಕಾರ ಆಗಬೇಕಿತ್ತಲ್ಲಮ್ಮ. ಆ ಕಾರ್ಡುಗಳು ನಿನ್ನ ಹತ್ರ ಇದಾವಾ? ನಾನು ಪ್ರತಿ ಇಟ್ಕೊಂಡಿಲ್ಲ.”

ನಡೆದದ್ದು ಇಷ್ಟು. ಜನ ಅಷ್ಟು ನಕ್ಕ ಬರಹವನ್ನು ಪೆರೇರಾದಲ್ಲಿರುವ ಅಕ್ಕತಂಗಿಯರಿಗೆ ಕಳಿಸಬೇಕೆಂದು ಆಂಟಿಗೆ ಆಸೆಯಾಗಿದೆ. ಫೋನಿನ ಕ್ಯಾಮೆರಾ ಹಿಡಿದರೆ ಯಾವ ಭಾಷೆಯನ್ನಾದರೂ ಓದಿ ಹೇಳುತ್ತದೆ ಎಂದು ಯಾರೋ ತೋರಿಸಿಕೊಟ್ಟಿದ್ದರು. ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹರಡಿ ಫೋನ್ ಹಿಡಿದಿದ್ದಾರೆ. ಅದು ಒಂದೂ ತಪ್ಪಿಲ್ಲದೆ ಎಲ್ಲವನ್ನೂ ಹೇಳಿಬಿಟ್ಟಿತು. ಇಪ್ಪತ್ತೈದು ವರ್ಷದಿಂದ ಆಕೆ ಹಿಡಿದುಕೊಂಡಿದ್ದ ಒಂದು ನಂಬಿಕೆ, ಅಪ್ಪ ಬಂದಿದ್ದ, ಒಂಬತ್ತು ದಿನವೂ ಬಂದಿದ್ದ ಎಂಬುದು. ಆಕೆಯ ತಾಯಿ ಸಾಯುವಾಗ ಹೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದಂತೆ. ಅದನ್ನು ಗಂಡ ನಗೆಯ ಮಾತು ಮಾಡಿದ, ತಾನು ಅದಕ್ಕೆ ಎಲ್ಲರೆದುರು ಚಪ್ಪಾಳೆ ತಟ್ಟಿದೆ ಎಂಬುದು ಆಕೆಯ ನೋವು.

“ನನ್ಜೊತೆ ಮಾತಾಡ್ತಿಲ್ಲಮ್ಮ” ಎಂದರು ಅಂಕಲ್. “ಊಟ ಹಾಕ್ತಾಳೆ, ಅಷ್ಟೇ. ಮುಂದೆ ಇನ್ನೂ ಬರೆದಿದ್ದೆ, ಅದರಲ್ಲಿ ಎಲ್ಲ ಇದೆ ಅಂದೆ. ಹಾಗಾದ್ರೆ ತೋರಿಸಿ ಅಂತಾಳೆ. ನನ್ನ ಕೈಬರಹ ಕಂಡ್ರೆ ನಂಬ್ತಾಳೆ. ಯಾರ ಹತ್ರಾನಾದ್ರೂ ಓದಿಸ್ತೀನಿ, ಆ ಕಾರ್ಡು ಒಂದು ಬೇಕು.”

ಬಿಸಾಡಿಬಿಟ್ಟೆ ಎಂದು ಹೇಳಬೇಕಿತ್ತು. ಆ ಪ್ಯಾರಾ ನಾನು ಕಣ್ಣಾರೆ ಓದಿದ್ದೇನೆ, ಆಂಟಿಗೆ ಫೋನ್ ಕೊಡಿ, ನಾನೇ ಹೇಳುತ್ತೇನೆ ಎನ್ನಬೇಕಿತ್ತು. ಎರಡು ನಿಮಿಷದ ಕೆಲಸ. ನನ್ನ ಬಾಯಲ್ಲಿ ಬಂದದ್ದು, “ಹುಡುಕ್ತೀನಿ ಅಂಕಲ್. ಗ್ಯಾರೇಜಲ್ಲಿ ಇನ್ನೂ ಬಾಕ್ಸ್ ಒಡೆದಿಲ್ಲ.” ಒಂದು ಪ್ಯಾರಾ ಕತ್ತರಿಸಿದ್ದಕ್ಕೇ ನಾಚಿಕೆಯಾಗಿತ್ತು, ಅದನ್ನು ಕಸಕ್ಕೂ ಹಾಕಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. ತಿಂಗಳು ಬಿಟ್ಟು ಮತ್ತೆ ಫೋನ್ ಮಾಡಿದರು. “ಹುಡುಕ್ತಾ ಇದೀನಿ ಅಂಕಲ್, ಸಿಕ್ಕೇ ಸಿಗತ್ತೆ” ಎಂದೆ. ಪಕ್ಕದಲ್ಲಿದ್ದ ಮಗಳು “ಜಸ್ಟ್ ಟೆಲ್ ಹಿಮ್, ಮಮ್ಮಿ” ಅಂದಳು. ನಾಳೆ ಹೇಳುತ್ತೇನೆ ಎಂದು ಅವಳನ್ನೂ ಸುಮ್ಮನಾಗಿಸಿದೆ.

ಮೂರನೆಯ ಸಲ ಮಾಡಿದಾಗ ಚಳಿಗಾಲ. ಅವರ ದನಿ ಸಣ್ಣದಾಗಿತ್ತು. “ಸಿಕ್ತೇನಮ್ಮ?” ಎಂದರು.

“ಈ ವೀಕೆಂಡ್ ಖಂಡಿತ ಹುಡುಕ್ತೀನಿ ಅಂಕಲ್.”

ಅಂಕಲ್ ಸ್ವಲ್ಪ ನಕ್ಕರು. “ಖಂಡಿತ ಅಂದ್ಯಾ? ಸರಿ ಬಿಡಮ್ಮ. ನೀನೂ ಕೊಲಂಬಿಯಾದೋಳೇ ಆಗಿಬಿಟ್ಟೆ.” ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ, ಮಗಳ ಓದು ವಿಚಾರಿಸಿದರು, ಫೋನಿಟ್ಟರು. ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಹೋದ ತಿಂಗಳು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು. ಹಾರ್ಟ್ ಅಟ್ಯಾಕ್, ಕ್ರಾನ್‌ಬರ್ನಿನ ಮನೆಯಲ್ಲಿ, ಮಧ್ಯಾಹ್ನ ಗಿಡಕ್ಕೆ ಮಣ್ಣು ಹಾಕುವಾಗ. ಸಾಲಾಗಿ ಕೈ ಮುಗಿದ ಚಿತ್ರಗಳು. ಒಬ್ಬರು ಅವರ ನೀರಿನ ಬರಹದ ಫೋಟೋ ತೆಗೆದು ಹಾಕಿ, ಎಂಥ ಹಾಸ್ಯಪ್ರಜ್ಞೆ ಎಂದು ಬರೆದಿದ್ದರು. ನಾನು ಆಫೀಸಿನಲ್ಲಿದ್ದೆ. ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ದುಃಖಕ್ಕಿಂತ ಹೆಚ್ಚು ಅದು ಭಯ. ಅವರ ಪರವಾಗಿ ಸಾಕ್ಷಿ ಹೇಳಬಲ್ಲವಳು ಇನ್ನು ಜಗತ್ತಿನಲ್ಲಿ ನಾನೊಬ್ಬಳೇ ಎಂಬ ಭಯ.

ಶವಸಂಸ್ಕಾರಕ್ಕೆ ಹೋಗಲಾಗಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ. ಹೋಗಲಿಲ್ಲ. ಆರನೆಯ ದಿನ ಬೆಳಗಿನ ವಿಮಾನ ಹಿಡಿದು ಮೆಲ್ಬರ್ನಿಗೆ ಹೋದೆ. ಆಂಟಿಯೇ ಬಾಗಿಲು ತೆಗೆದರು. “ಬನ್ನಿ” ಎಂದು ಕನ್ನಡದಲ್ಲೇ ಅಂದರು. ತಬ್ಬಿಕೊಳ್ಳಲಿಲ್ಲ. ಸಂಜೆಯ ಪ್ರಾರ್ಥನೆಗೆಂದು ಹಾಲಿನಲ್ಲಿ ಕುರ್ಚಿಗಳನ್ನು ಜೋಡಿಸಿದ್ದರು. ಅಂಕಲ್‌ನ ಫೋಟೋ, ಮೇಣದಬತ್ತಿ, ಬಿಳಿ ಹೂವು. ನೀರಿನ ಲೋಟ ಇರಲಿಲ್ಲ. ನಾನು ಅದನ್ನೇ ಹುಡುಕುತ್ತಿದ್ದುದು ಅವರಿಗೆ ಗೊತ್ತಾಯಿತು.

“ಇಡಲಿಲ್ಲ” ಎಂದರು. “ಯಾರಿಗೆ ಅಂತ ಇಡಲಿ? ಯಾರೂ ಬರೋದಿಲ್ಲ ಅಂತ ಅವರೇ ಬರೆದಿದ್ದಾರಲ್ಲ.” ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ನಿಂತುಕೊಂಡೇ ಹೇಳಿದೆ. ಕೊನೆಯಲ್ಲಿ ಇನ್ನೊಂದು ಪ್ಯಾರಾ ಇತ್ತು ಆಂಟಿ, ನಾನೇ ತೆಗೆದೆ. ಅವರು ಕೇಳಿದಾಗ ಹುಡುಕುತ್ತಿದ್ದೇನೆ ಎಂದೆ, ಹುಡುಕುತ್ತಿರಲಿಲ್ಲ, ಅದು ಆಗಲೇ ಕಸಕ್ಕೆ ಹೋಗಿತ್ತು. ಮೂರು ಸಲ ಸುಳ್ಳು ಹೇಳಿದೆ. ಆಂಟಿ ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದರು.

“ಅದರಲ್ಲಿ ಏನಿತ್ತು?”

“ಪೂರ್ತಿ ನೆನಪಿಲ್ಲ. ಅಂಕಲ್‌ನ ಅಪ್ಪ ತೀರಿಕೊಂಡಾಗ ಅವರಿಗೆ ಹತ್ತೊಂಬತ್ತು ವರ್ಷವಂತೆ. ನಮ್ಮಲ್ಲಿ ಸತ್ತವರಿಗೆ ಇಟ್ಟ ಅನ್ನವನ್ನು ಕಾಗೆ ಬಂದು ಮುಟ್ಟಬೇಕು. ಸಂಜೆಯವರೆಗೆ ಕಾದರೂ ಬರಲಿಲ್ಲವಂತೆ. ಮನೆಗೆ ಬಂದಾಗ ಅಮ್ಮ, ಮುಟ್ಟಿತೇನಪ್ಪ ಎಂದು ಕೇಳಿದರಂತೆ. ಇವರು ಇಲ್ಲ ಎಂದು ನಿಜ ಹೇಳಿದರು. ಆಮೇಲೆ ಆ ತಾಯಿ ಬದುಕಿದ್ದಷ್ಟು ದಿನವೂ ಗಂಡನಿಗೆ ನನ್ನ ಮೇಲೆ ಏನು ಕೋಪವಿತ್ತೋ ಎಂದು ಕೊರಗಿದರಂತೆ. ಆ ನಿಜ ಹೇಳಬಾರದಿತ್ತು ಎಂದು ಬರೆದಿದ್ದರು.”

ಆಂಟಿ, “ಅವರದೇ ಮಾತು ಯಾವುದಾದರೂ ನೆನಪಿದೆಯಾ? ನೀನು ಕಟ್ಟಿ ಹೇಳಿದರೆ ನನಗೆ ಗೊತ್ತಾಗುತ್ತೆ” ಎಂದರು.

ಒಂದೇ ಒಂದು ವಾಕ್ಯ ನೆನಪಿತ್ತು. ಬೇಡವೆಂದು ಬಿಟ್ಟದ್ದಾದರೂ ಅದು ಅಂದಿನಿಂದ ತಲೆಯಿಂದ ಹೋಗಿರಲಿಲ್ಲ. ಮೊದಲು ಕನ್ನಡದಲ್ಲಿ ಹೇಳಿದೆ, ಆಮೇಲೆ ಇಂಗ್ಲಿಷಿನಲ್ಲಿ. “ಮೊದಲನೆಯ ದಿನ ಬಾಯಾರಿ ಕುಡಿದೆ. ಉಳಿದ ಎಂಟು ದಿನ ನನಗೆ ಬಾಯಾರಿಕೆ ಇರಲಿಲ್ಲ.”

ಆಂಟಿ ಕುರ್ಚಿಯ ಮೇಲೆ ಕೂತರು. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು, ತೆಗೆದರು. ಅಳುತ್ತಿರಲಿಲ್ಲ.

“ಇದನ್ನೇ ಹೇಳಿದ್ದರು” ಎಂದರು. “ಆವತ್ತೇ, ಅಡುಗೆಮನೆಯಲ್ಲಿ ನಿಂತು, ಇದೇ ಮಾತು. ನೀವು ಜಾಣರು, ಸಿಕ್ಕಿಬಿದ್ದಿರಿ, ಈಗ ನಿಂತ ಜಾಗದಲ್ಲೇ ಕಟ್ಟಿ ಹೇಳುತ್ತಿದ್ದೀರಿ ಅಂದೆ ನಾನು.”

ಕ್ಷಮಿಸಿ ಎಂದೆ. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

“ಆಮೇಲೆ ಏಳು ತಿಂಗಳು ಇದ್ದರು” ಎಂದರು.